ಎರೆ ನೆಲ, ಮಸಾರಿ ನೆಲ ಮತ್ತು ಹಲ್ಲಿನ ಸಾಕ್ಷ್ಯ

ಪುಣೆಯಿಂದ ಪೂರ್ವಕ್ಕೆ ಸುಮಾರು 80 ಕಿಲೋಮೀಟರ್ ದೂರದಲ್ಲಿ, ಶಿರೂರು ತಾಲೂಕಿನ ಘೋಡ್ ನದಿಯ ದಂಡೆಯ ಮೇಲೆ ಇನಾಮಗಾಂವ ಎಂಬ ಹಳ್ಳಿಯಿದೆ. ಡೆಕ್ಕನ್ ಕಾಲೇಜಿನ ಎಚ್. ಡಿ. ಸಾಂಕಳಿಯಾ, ಎಂ. ಕೆ. ಧವಳೀಕರ್ ಮತ್ತು ಝಡ್. ಡಿ. ಅನ್ಸಾರಿ ಅವರ ತಂಡ 1968ರಿಂದ 1983ರವರೆಗೆ ಇಲ್ಲಿ ಉತ್ಖನನ ನಡೆಸಿತು. ಕ್ರಿ.ಪೂ. 1600ರಿಂದ 700ರವರೆಗೆ ಬಾಳಿದ ಒಂದು ಕೃಷಿಕರ ಊರು, ಅದರ ನೂರಕ್ಕೂ ಹೆಚ್ಚು ಮನೆಗಳು, ಇನ್ನೂರಕ್ಕೂ ಹೆಚ್ಚು ಸಮಾಧಿಗಳು ಬೆಳಕಿಗೆ ಬಂದವು. ಆ ಜನ ಸತ್ತವರನ್ನು ಊರ ಹೊರಗೆ ಒಯ್ಯದೆ ಮನೆಯ ನೆಲದಡಿಯಲ್ಲೋ ಅಂಗಳದಲ್ಲೋ ಹೂಳುತ್ತಿದ್ದರು. ಮಕ್ಕಳಾದರೆ ಎರಡು ಮಡಕೆಗಳನ್ನು ಬಾಯಿಗೆ ಬಾಯಿ ಜೋಡಿಸಿ ಅದರೊಳಗೆ ಇಡುತ್ತಿದ್ದರು. ದೊಡ್ಡವರಾದರೆ ತಲೆ ಉತ್ತರಕ್ಕೆ ಬರುವಂತೆ ಮಲಗಿಸಿ, ಮಣ್ಣು ಮುಚ್ಚುವ ಮೊದಲು ಪಾದಗಳನ್ನು ಕತ್ತರಿಸಿಬಿಡುತ್ತಿದ್ದರು. ಸತ್ತವರು ಎದ್ದು ನಡೆದುಹೋಗದಿರಲಿ ಎಂಬ ಭಾವನೆ ಇದರ ಹಿಂದೆ ಇದ್ದಿರಬೇಕು ಎಂದು ಉತ್ಖನನಕಾರರು ಊಹಿಸಿದ್ದಾರೆ.

ಸತ್ತ ಮೇಲೆ ನಡೆಯಬಾರದು ಎಂದು ಕಾಲು ಕಳೆದುಕೊಂಡ ಈ ಜನ ಬದುಕಿದ್ದಾಗ ಎಷ್ಟು ನಡೆದಿದ್ದರು, ಎಲ್ಲಿಂದ ಬಂದಿದ್ದರು ಎಂಬುದು ಪುರಾತತ್ವದ ಹಳೆಯ ಪ್ರಶ್ನೆ. ಬಹಳ ಕಾಲ ಇದಕ್ಕೆ ಉತ್ತರ ಹೇಳುತ್ತಿದ್ದದ್ದು ಮಡಕೆಗಳು. ಇನಾಮಗಾಂವದಂಥ ನೆಲೆಗಳಲ್ಲಿ ಬಳಕೆಯಲ್ಲಿದ್ದ ಜೋರ್ವೆ ಮಾದರಿಯ ಮಡಕೆ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಸಿಕ್ಕಿತು ಎಂದರೆ ಗೋದಾವರಿ-ಭೀಮಾ ಕಣಿವೆಗಳಿಗೂ ಕರ್ನಾಟಕದ ನವಶಿಲಾಯುಗದ ನೆಲೆಗಳಿಗೂ ಸಂಪರ್ಕವಿತ್ತು ಎಂದಾಯಿತು. ಆದರೆ ಬಂದದ್ದು ಮಡಕೆಯೋ, ಮಡಕೆ ಮಾಡುವವನೋ, ಅದನ್ನು ನೋಡಿ ಕಲಿತವನೋ ಎಂದು ಮಡಕೆ ಹೇಳಲಾರದು. ಕಳೆದ 4 ದಶಕಗಳಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಮನುಷ್ಯನ ದೇಹಕ್ಕೇ ಕೇಳುವ ಒಂದು ದಾರಿ ತೆರೆದಿದೆ. ಅದೇ ಹಲ್ಲಿನಲ್ಲಿರುವ ಸ್ಟ್ರಾನ್ಷಿಯಂ ಎಂಬ ಧಾತುವಿನ ಐಸೋಟೋಪ್‌ಗಳ, ಅಂದರೆ ತೂಕದಲ್ಲಿ ಮಾತ್ರ ಬೇರೆಯಾದ ಅದರ ಪರಮಾಣುಗಳ, ಅಳತೆ. 1985ರಲ್ಲಿ ಅಮೆರಿಕದ ಜೊನಾಥನ್ ಎರಿಕ್ಸನ್ ಇದನ್ನು ಪುರಾತತ್ವಕ್ಕೆ ಸೂಚಿಸಿದರು. ಇಂದು ಪ್ರಾಚೀನ ವಲಸೆಯ ಕುರಿತು ಬರುವ ಪ್ರಬಂಧಗಳಲ್ಲಿ ಈ ಅಳತೆ ಸಾಮಾನ್ಯವಾಗಿಬಿಟ್ಟಿದೆ.

‘ಹಲ್ಲಿನಿಂದ ಹುಟ್ಟೂರು ಪತ್ತೆ’ ಎಂಬ ಧಾಟಿಯಲ್ಲಿ ಈ ಕೆಲಸ ಜನರಿಗೆ ತಲುಪುತ್ತಿರುವುದು ನನಗೆ ಸರಿಕಾಣುವುದಿಲ್ಲ. ಈ ವಿಧಾನ ಒಬ್ಬನ ಊರನ್ನು ತೋರಿಸುವುದು ತೀರ ಅಪರೂಪ. ಅದು ಗಟ್ಟಿಯಾಗಿ ಹೇಳಬಲ್ಲ ಮಾತು ಒಂದೇ: ಈ ವ್ಯಕ್ತಿ ಬಾಲ್ಯದಲ್ಲಿ ಉಂಡ ಅನ್ನ ತಾನು ಮಣ್ಣಾದ ನೆಲದಲ್ಲಿ ಬೆಳೆದದ್ದಲ್ಲ. ‘ಇಲ್ಲಿಯವನಲ್ಲ’ ಎಂಬುದಕ್ಕೂ ‘ಅಲ್ಲಿಯವನು’ ಎಂಬುದಕ್ಕೂ ನಡುವಿನ ಅಂತರ ಎಷ್ಟು ದೊಡ್ಡದು ಎಂಬುದು ದಖ್ಖನ್ ಪ್ರಸ್ಥಭೂಮಿಯಂಥ ನೆಲದ ಮೇಲೆ ನಿಂತು ನೋಡಿದಾಗ ಚೆನ್ನಾಗಿ ತಿಳಿಯುತ್ತದೆ.

ಮೊದಲು ರಸಾಯನದ ಲೆಕ್ಕ. ಮೂಲಧಾತುಗಳ ಕೋಷ್ಟಕದಲ್ಲಿ ಸ್ಟ್ರಾನ್ಷಿಯಂ ಕ್ಯಾಲ್ಸಿಯಂನ ಕೆಳಗಿನ ಮನೆಯಲ್ಲಿದೆ, ಗುಣದಲ್ಲಿಯೂ ಅದಕ್ಕೆ ಹತ್ತಿರ. ಹೀಗಾಗಿ ಗಿಡಕ್ಕಾಗಲಿ ಪ್ರಾಣಿಗಾಗಲಿ ಕ್ಯಾಲ್ಸಿಯಂ ಹೀರುವಾಗ ಸ್ವಲ್ಪ ಸ್ಟ್ರಾನ್ಷಿಯಂ ಕೂಡ ಒಳಹೊಕ್ಕು ಮೂಳೆ ಮತ್ತು ಹಲ್ಲುಗಳಲ್ಲಿ ಕ್ಯಾಲ್ಸಿಯಂನ ಜಾಗದಲ್ಲೇ ಕುಳಿತುಬಿಡುತ್ತದೆ. ಇದಕ್ಕೆ 84, 86, 87, 88 ಎಂಬ ನಾಲ್ಕು ಸ್ಥಿರ ಐಸೋಟೋಪ್‌ಗಳಿವೆ. ಇವುಗಳಲ್ಲಿ 87ರ ಪ್ರಮಾಣ ಮಾತ್ರ ಭೂಮಿಯ ಮೇಲೆ ಕಾಲ ಸರಿದಂತೆ ಹೆಚ್ಚುತ್ತಾ ಹೋಗುತ್ತದೆ, ಏಕೆಂದರೆ ರುಬಿಡಿಯಂ-87 ಎಂಬ ವಿಕಿರಣಶೀಲ ಧಾತು ಕ್ಷಯಿಸಿ ಸ್ಟ್ರಾನ್ಷಿಯಂ-87 ಆಗುತ್ತದೆ. ಆ ಕ್ಷಯ ಎಷ್ಟು ನಿಧಾನವೆಂದರೆ ರುಬಿಡಿಯಂನ ಅರ್ಧಾಯುಷ್ಯ ಸುಮಾರು 4,900 ಕೋಟಿ ವರ್ಷ, ಭೂಮಿಯ ವಯಸ್ಸಿನ ಹತ್ತು ಪಟ್ಟಿಗಿಂತಲೂ ಹೆಚ್ಚು. ಆದ್ದರಿಂದ ಯಾವ ಕಲ್ಲಿನಲ್ಲಿ ರುಬಿಡಿಯಂ ಹೆಚ್ಚಿದೆಯೋ ಮತ್ತು ಯಾವ ಕಲ್ಲು ಬಹಳ ಹಳೆಯದೋ ಅದರಲ್ಲಿ 87 ಮತ್ತು 86ರ ಅನುಪಾತ ದೊಡ್ಡದಿರುತ್ತದೆ. ಸಮುದ್ರದ ನೀರಿನಲ್ಲಿ ಇಂದು ಈ ಅನುಪಾತ ಜಗತ್ತಿನಾದ್ಯಂತ 0.7092. ಭೂಗರ್ಭದ ಆಳದಿಂದ ಉಕ್ಕಿದ, ರುಬಿಡಿಯಂ ಕಡಿಮೆಯಿರುವ ಬಸಾಲ್ಟ್‌ನಲ್ಲಿ ಸಾಮಾನ್ಯವಾಗಿ 0.704ರ ಆಸುಪಾಸು. ಅಭ್ರಕ ಮತ್ತು ಪೊಟ್ಯಾಸಿಯಂ ಫೆಲ್ಡ್‌ಸ್ಪಾರ್ ತುಂಬಿದ ಪುರಾತನ ಗ್ರಾನೈಟುಗಳಲ್ಲಿ ಇದು 0.72, 0.75 ದಾಟಿ ಹೋಗಬಹುದು. ನೋಡಲು ಈ ವ್ಯತ್ಯಾಸ ಅತ್ಯಲ್ಪ. ಆದರೆ ಇಂದಿನ ಮಾಸ್ ಸ್ಪೆಕ್ಟ್ರೋಮೀಟರುಗಳು ದಶಮಾಂಶದ ಐದನೆಯ ಸ್ಥಾನದವರೆಗೆ ನಂಬುವಂತೆ ಅಳೆಯುತ್ತವೆ, ಹಾಗಾಗಿ ಮೂರನೆಯ ಸ್ಥಾನದಲ್ಲಿನ ವ್ಯತ್ಯಾಸವೆಂದರೆ ಆ ಯಂತ್ರಕ್ಕೆ ಹಗಲು-ರಾತ್ರಿಯ ವ್ಯತ್ಯಾಸ.

ಕಲ್ಲು ಸವೆದು ಮಣ್ಣಾಗಿ, ಮಣ್ಣಿನಿಂದ ಜೋಳಕ್ಕೆ, ಜೋಳದಿಂದ ರೊಟ್ಟಿಗೆ, ರೊಟ್ಟಿಯಿಂದ ಹಲ್ಲಿಗೆ ಹೋಗುವ ಹಾದಿಯಲ್ಲಿ ಈ ಅನುಪಾತ ಹೆಚ್ಚುಕಡಿಮೆ ಬದಲಾಗುವುದಿಲ್ಲ. ಆಮ್ಲಜನಕ ಅಥವಾ ಇಂಗಾಲದ ಐಸೋಟೋಪ್‌ಗಳು ದೇಹದ ಒಳಗಿನ ಪ್ರತಿ ಹಂತದಲ್ಲೂ ಸ್ವಲ್ಪ ಸ್ವಲ್ಪ ಜರುಗುತ್ತವೆ. ಸ್ಟ್ರಾನ್ಷಿಯಂ ಭಾರವಾದ ಧಾತುವಾದ್ದರಿಂದ ಆ ಜರುಗುವಿಕೆ ತೀರ ಕಡಿಮೆ, ಇರುವಷ್ಟನ್ನೂ ಅಳತೆಯ ಹೊತ್ತಿನಲ್ಲೇ ಲೆಕ್ಕದಿಂದ ಸರಿಪಡಿಸಿಬಿಡುತ್ತಾರೆ. ಈ ವಿಧಾನದ ಬಲ ಇರುವುದೇ ಇಲ್ಲಿ.

ಇನ್ನು ಹಲ್ಲೇ ಏಕೆ? ಮೂಳೆ ಜೀವನದುದ್ದಕ್ಕೂ ಕರಗುತ್ತಾ ಕಟ್ಟಿಕೊಳ್ಳುತ್ತಾ ಇರುವುದರಿಂದ ಅದರಲ್ಲಿ ಉಳಿಯುವುದು ಕೊನೆಯ ಕೆಲವು ವರ್ಷಗಳ ಊಟದ ಗುರುತು. ಅದೂ ಸಾಲದೆಂಬಂತೆ ಹೂತ ಮೇಲೆ ಸುತ್ತಲ ಮಣ್ಣಿನ ಸ್ಟ್ರಾನ್ಷಿಯಂ ಸರಂಧ್ರವಾದ ಮೂಳೆಯೊಳಗೆ ಇಳಿಯುತ್ತದೆ. ಹಲ್ಲಿನ ಹೊರಗಿನ ಎನಾಮಲ್ ಹಾಗಲ್ಲ. ಬಾಲ್ಯದಲ್ಲಿ ಒಮ್ಮೆ ಗಟ್ಟಿಯಾದರೆ ಮುಗಿಯಿತು, ಮತ್ತೆ ಬೆಳೆಯದು, ಬದಲಾಗದು, ಮಣ್ಣಿನ ನೀರನ್ನೂ ಸುಲಭಕ್ಕೆ ಒಳಬಿಡದು. ಮೊದಲನೆಯ ದವಡೆ ಹಲ್ಲಿನ ಎನಾಮಲ್ ಹುಟ್ಟಿನಿಂದ ಸುಮಾರು 3 ವರ್ಷದೊಳಗೆ ರೂಪುಗೊಳ್ಳುತ್ತದೆ, ಎರಡನೆಯದು ಸುಮಾರು 3ರಿಂದ 8ರ ನಡುವೆ, ಮೂರನೆಯದಾದ ಬುದ್ಧಿಹಲ್ಲಿನದು ಸುಮಾರು 8ರಿಂದ 14ರ ನಡುವೆ. ಒಬ್ಬನ ಮೂರೂ ದವಡೆ ಹಲ್ಲುಗಳನ್ನು ಅಳೆದರೆ ಅವನ ಬಾಲ್ಯದ ಮೂರು ಘಟ್ಟಗಳು ಒಂದರ ಪಕ್ಕ ಒಂದು ಸಿಗುತ್ತವೆ.

ಪುಣೆಯಲ್ಲಿ ನನ್ನ ಬುದ್ಧಿಹಲ್ಲೊಂದನ್ನು ಕೀಳಿಸಿಕೊಂಡಾಗ ವೈದ್ಯರು ಅದನ್ನು ಹತ್ತಿಯಲ್ಲಿ ಸುತ್ತಿ ಕೈಗೆ ಕೊಟ್ಟರು. ಎಸೆಯಲು ಮನಸ್ಸಾಗದೆ ಮನೆಗೆ ತಂದು ತೊಳೆದು ಭೂತಗನ್ನಡಿಯಲ್ಲಿ ನೋಡಿದೆ. ಒಡೆದ ಅಂಚಿನಲ್ಲಿ ಎರಡು ಪದರಗಳು ಬೇರೆಬೇರೆಯಾಗಿ ಕಾಣುತ್ತಿದ್ದವು: ಒಳಗೆ ಹಳದಿಗೆ ತಿರುಗಿದ ದಂತದ್ರವ್ಯ, ಹೊರಗೆ ಎರಡು ಮಿಲಿಮೀಟರಿಗೂ ಕಡಿಮೆ ದಪ್ಪದ, ಗಾಜಿನಂತೆ ಹೊಳೆಯುವ ಎನಾಮಲ್. ಪ್ರಯೋಗಾಲಯಕ್ಕೆ ಬೇಕಾಗುವುದು ಆ ಹೊರಪದರದ ಕೆಲವೇ ಮಿಲಿಗ್ರಾಂ. ಅದನ್ನು ಸಣ್ಣ ಡ್ರಿಲ್‌ನಿಂದ ಕೆರೆದು, ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಸ್ಟ್ರಾನ್ಷಿಯಂ ಒಂದನ್ನೇ ಹಿಡಿದಿಟ್ಟುಕೊಳ್ಳುವ ರಾಳದ ಮೂಲಕ ಹಾಯಿಸಿ ಶುದ್ಧಗೊಳಿಸಿ ಯಂತ್ರಕ್ಕೆ ಕೊಡುತ್ತಾರೆ. ನಾನು ಹುಟ್ಟಿದ್ದು ಕೆಂಪು ಗ್ರಾನೈಟಿಗೆ ಹೆಸರಾದ ಇಳಕಲ್ಲಿನಲ್ಲಿ, ಹತ್ತನೆಯ ವಯಸ್ಸಿಗೆ ಪುಣೆಗೆ ಬಂದೆ. ಲೆಕ್ಕದ ಪ್ರಕಾರ ನನ್ನ ಮೊದಲ ದವಡೆ ಹಲ್ಲಿನಲ್ಲಿ ಗ್ರಾನೈಟೂ ಈ ಬುದ್ಧಿಹಲ್ಲಿನಲ್ಲಿ ಬಹುಪಾಲು ಬಸಾಲ್ಟೂ ಇರಬೇಕು. ವಾಸ್ತವದಲ್ಲಿ ಹಾಗಿರಲಾರದು. ನಮ್ಮ ಮನೆಯ ಗೋದಿ ಉತ್ತರದಿಂದ, ಬೇಳೆ ಕಲಬುರಗಿಯಿಂದ, ಉಪ್ಪು ಗುಜರಾತಿನಿಂದ ಬರುತ್ತಿತ್ತು. ಕಿರಾಣಿ ಅಂಗಡಿಯಿಂದ ಉಣ್ಣುವವರ ಹಲ್ಲಿಗೆ ಈ ವಿಧಾನ ಹೊಂದುವುದು ಕಷ್ಟ; ತನ್ನ ಹೊಲದ ಕಾಳನ್ನೇ ತಿಂದು ಬೆಳೆದವರ ಹಲ್ಲಿಗೆ ಇದು ಹೇಳಿ ಮಾಡಿಸಿದ್ದು.

ಉತ್ತರ ಕರ್ನಾಟಕದ ರೈತನಿಗೆ ನೆಲವೆಂದರೆ ಕಪ್ಪು ಎರೆ ಅಥವಾ ಕೆಂಪು ಮಸಾರಿ. ಈ ಎರಡು ಮಾತುಗಳ ಅಡಿಯಲ್ಲಿ, ಎಲ್ಲೆಡೆ ಅಲ್ಲದಿದ್ದರೂ ಬಹಳ ಕಡೆ, ಎರಡು ಬೇರೆ ಭೂವೈಜ್ಞಾನಿಕ ಲೋಕಗಳಿವೆ. ಪುಣೆ, ಸಾತಾರಾ, ಸೊಲ್ಲಾಪುರ, ವಿಜಯಪುರ, ಬೀದರ್‌ಗಳ ಎರೆ ಹುಟ್ಟಿದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ದಖ್ಖನ್ ಬಸಾಲ್ಟ್‌ನಿಂದ. ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಹರಡಿರುವ ಆ ಕಗ್ಗಲ್ಲಿನ ಹಾಸು ದಕ್ಷಿಣಕ್ಕೆ ಬರುತ್ತಾ ಬೆಳಗಾವಿ, ಬಾಗಲಕೋಟೆ, ಕಲಬುರಗಿ ಜಿಲ್ಲೆಗಳಲ್ಲಿ ಮುಗಿಯುತ್ತದೆ. ಅದರಾಚೆ ರಾಯಚೂರು, ಕೊಪ್ಪಳ, ಬಳ್ಳಾರಿಗಳಲ್ಲಿ ಕಾಣುವ ನೀಸ್ ಎಂಬ ಪಟ್ಟೆಗಲ್ಲು ಮತ್ತು ಗ್ರಾನೈಟುಗಳ ವಯಸ್ಸು 250 ಕೋಟಿ ವರ್ಷ, ಅದಕ್ಕೂ ಹೆಚ್ಚು. ಮಣ್ಣಿನ ಬಣ್ಣವನ್ನು ನಂಬಿ ಕೂರುವಂತಿಲ್ಲ, ಏಕೆಂದರೆ ರಾಯಚೂರಿನಲ್ಲಿ ನೀಸ್ ಮೇಲೂ ಎರೆ ಬಿದ್ದಿದೆ. ಆದರೂ ಅಡಿಗಲ್ಲಿನ ಈ ಗೆರೆ ಸ್ಟ್ರಾನ್ಷಿಯಂನ ಕಣ್ಣಿಗೆ ಸ್ಪಷ್ಟ. ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯ ಗುಡ್ಡಗಳ ನಡುವೆ ಬೆಳೆದ ನವಶಿಲಾಯುಗದ ಒಬ್ಬ ಮನುಷ್ಯ ಭೀಮಾ ಕಣಿವೆಗೆ ಬಂದು ಸತ್ತಿದ್ದರೆ ಅವನ ಹಲ್ಲು ಅದನ್ನು ಹೇಳದೆ ಇರಲಾರದು. ವಿಜಯಪುರದಿಂದ ಬಂದವನ ಹಲ್ಲಾದರೋ ಬಹುಶಃ ಏನನ್ನೂ ಹೇಳದು. ಎರಡು ರಾಜ್ಯಗಳ ಗಡಿಯ ಬಗ್ಗೆ ಇಷ್ಟು ವರ್ಷ ವಾದ ನಡೆದಿರುವಲ್ಲಿ, ಅಡಿಯ ಕಲ್ಲು ಮಾತ್ರ ಆ ಗಡಿಯ ಗೊಡವೆಗೇ ಹೋಗಿಲ್ಲ ಎಂಬುದನ್ನು ಪುಣೆಯಲ್ಲಿ ನೆಲೆಸಿದ ಕನ್ನಡಿಗನಾಗಿ ನಾನು ಸ್ವಲ್ಪ ಸಂತೋಷದಿಂದಲೇ ಗಮನಿಸಿದ್ದೇನೆ.

ಇನಾಮಗಾಂವದ ತೊಡಕು ಇಲ್ಲಿಂದಲೇ ಶುರುವಾಗುತ್ತದೆ. ಜೋರ್ವೆ ಸಂಸ್ಕೃತಿಯ ದೊಡ್ಡ ನೆಲೆಗಳಾದ ದೈಮಾಬಾದ್, ನೆವಾಸಾ, ಚಾಂಡೋಲಿ, ಜೋರ್ವೆ ಎಲ್ಲವೂ ಬಸಾಲ್ಟ್ ನೆಲದ ಮೇಲೆಯೇ ಇವೆ. ಪ್ರವರಾ ನದಿಯ ದಂಡೆಯ ಹುಡುಗಿಯೊಬ್ಬಳು ಘೋಡ್ ದಂಡೆಯ ಮನೆಗೆ ಸೊಸೆಯಾಗಿ ಬಂದಿದ್ದರೆ, 100 ಕಿಲೋಮೀಟರಿಗೂ ಹೆಚ್ಚಿನ ಆ ಪಯಣ ಸ್ಟ್ರಾನ್ಷಿಯಂನಲ್ಲಿ ಕಾಣದೇ ಹೋಗಬಹುದು. ಅಂಥ ಹಲ್ಲನ್ನು ಅಳೆದು ‘ಸ್ಥಳೀಯ’ ಎಂದು ಬರೆದರೆ ತಪ್ಪಾಗುತ್ತದೆ. ಸ್ಥಳೀಯ ನೆಲಕ್ಕಿಂತ ಭಿನ್ನವಾದ ಗುರುತು ಸಿಗಲಿಲ್ಲ ಎಂದಷ್ಟೇ ಬರೆಯಬಹುದು.

ವಿರುದ್ಧ ದಿಕ್ಕಿನ ಅಪಾಯವೂ ಇದೆ. ದಖ್ಖನ್ ಬಸಾಲ್ಟ್ ಹೊರನೋಟಕ್ಕೆ ಒಂದೇ ಕಲ್ಲಿನಂತೆ ಕಂಡರೂ ಭೂವಿಜ್ಞಾನಿಗಳು ಅದನ್ನು ಹಲವು ಸ್ತರಗಳಾಗಿ ವಿಂಗಡಿಸಿದ್ದಾರೆ, ಆ ವಿಂಗಡಣೆಗೆ ಬಳಸಿದ ಅಳತೆಗೋಲುಗಳಲ್ಲಿ ಸ್ಟ್ರಾನ್ಷಿಯಂ ಅನುಪಾತವೂ ಒಂದು. ಆಂಬೆನಳಿ ಸ್ತರದಲ್ಲಿ ಅದು 0.704ರ ಸುತ್ತ. ಅದಕ್ಕಿಂತ ಕೆಳಗಿರುವ, ಲೋಣಾವಳಾ ಉಪಸಮೂಹಕ್ಕೆ ಸೇರಿದ ಬುಶೆ ಸ್ತರದಲ್ಲಿ ಅದೇ ಅನುಪಾತ 0.713 ಮತ್ತು ಅದಕ್ಕೂ ಮೇಲೆ ಹೋಗುತ್ತದೆ, ಏಕೆಂದರೆ ಆ ಲಾವಾ ಮೇಲೇರುವ ಹಾದಿಯಲ್ಲಿ ಪುರಾತನ ಭೂಚಿಪ್ಪನ್ನು ಕರಗಿಸಿ ತನ್ನೊಳಗೆ ಬೆರೆಸಿಕೊಂಡಿತ್ತು. ಘಟ್ಟದ ಅಂಥ ಒಂದು ಸ್ತರದ ಮೇಲೆ ಬೆಳೆದವನು ಘಟ್ಟ ಇಳಿದೋ ಏರಿಯೋ ಎರಡು ದಿನದ ದಾರಿ ನಡೆದು ಬೇರೊಂದು ಸ್ತರದ ಮೇಲೆ ಸತ್ತರೆ, ಪ್ರಯೋಗಾಲಯಕ್ಕೆ ಅವನು ತುಂಗಭದ್ರೆಯ ಕಡೆಯಿಂದ ಬಂದವನಂತೆ ಕಂಡಾನು. ಬಂಡೆಯ ನಕ್ಷೆಯೊಂದನ್ನೇ ಎದುರಿಗಿಟ್ಟುಕೊಂಡು ವಲಸೆಯ ಕಥೆ ಬರೆಯುವವರು ಮುಗ್ಗರಿಸುವುದು ಇಂಥಲ್ಲಿಯೇ.

ಆದ್ದರಿಂದಲೇ ಅನುಭವಿಗಳು ಬಂಡೆಯನ್ನು ಬಿಟ್ಟು ಜೀವಿಗಳಿಗೆ ದಕ್ಕುವ ಸ್ಟ್ರಾನ್ಷಿಯಂ ಅನ್ನು ಅಳೆಯುತ್ತಾರೆ. ಬಂಡೆಯಲ್ಲಿನ ಎಲ್ಲ ಖನಿಜಗಳೂ ಒಂದೇ ವೇಗದಲ್ಲಿ ಸವೆಯುವುದಿಲ್ಲ. ಬೇಗ ಸವೆಯುವ ಖನಿಜದ ಅನುಪಾತವೇ ನೀರಿಗೂ ಗಿಡಕ್ಕೂ ಹೆಚ್ಚಾಗಿ ಸಿಗುತ್ತದೆ. ಅದಕ್ಕೆ ಗಾಳಿ ತಂದ ಧೂಳು, ಮಳೆಯೊಂದಿಗೆ ಬಂದ ಸಮುದ್ರದ ಲವಣ, ಮೇಲಿನ ಸೀಮೆಯಿಂದ ನದಿ ಹೊತ್ತು ತಂದ ಮೆಕ್ಕಲು ಬೆರೆಯುತ್ತವೆ. ಕೃಷ್ಣೆ ಮತ್ತು ಭೀಮೆ ಬಸಾಲ್ಟ್‌ನಲ್ಲಿ ಹುಟ್ಟಿ ನೀಸ್ ಸೀಮೆಗೆ ಹರಿಯುವ ನದಿಗಳು. ಅವುಗಳ ದಂಡೆಯ ಮೆಕ್ಕಲಿನಲ್ಲಿ ಬೆಳೆದ ಬೆಳೆ ಅಡಿಗಲ್ಲನ್ನು ಬಿಟ್ಟು ಸಹ್ಯಾದ್ರಿಯ ಗುರುತನ್ನು ಹೊತ್ತರೆ ಆಶ್ಚರ್ಯವಿಲ್ಲ. ಹೀಗಾಗಿ ಒಂದು ನೆಲೆಯ ಸುತ್ತ ಮರದ ಎಲೆ, ಬಸವನಹುಳುವಿನ ಚಿಪ್ಪು, ಉತ್ಖನನದಲ್ಲೇ ಸಿಕ್ಕ ಇಲಿ-ಹೆಗ್ಗಣಗಳ ಹಲ್ಲು ಇವನ್ನೆಲ್ಲ ಅಳೆದು ಸ್ಥಳೀಯ ಅನುಪಾತದ ಮೇಲ್ಮಿತಿ-ಕೆಳಮಿತಿಗಳನ್ನು ಮೊದಲು ನಿರ್ಧರಿಸಬೇಕಾಗುತ್ತದೆ. ದೇಶದೇಶಗಳ ಇಂಥ ಅಳತೆಗಳನ್ನು ಕೂಡಿಸಿ ಕಂಪ್ಯೂಟರ್ ಮಾದರಿಯಿಂದ ಜಾಗತಿಕ ನಕ್ಷೆಗಳನ್ನೂ ಮಾಡಿದ್ದಾರೆ. 2024ರಲ್ಲಿ ಸಹಾರಾದ ದಕ್ಷಿಣದ ಆಫ್ರಿಕಾಕ್ಕೆ ಇಂಥ ನಕ್ಷೆ ಪ್ರಕಟವಾಯಿತು, ಅಟ್ಲಾಂಟಿಕ್ ದಾಟಿಸಿ ಗುಲಾಮರನ್ನಾಗಿ ಮಾರಲ್ಪಟ್ಟವರ ಮೂಲ ಸೀಮೆಯನ್ನು ಹುಡುಕುವುದು ಅದರ ಉದ್ದೇಶ. ಅಂಥ ನಕ್ಷೆ ಎಷ್ಟು ದಟ್ಟವಾದ ಮಾದರಿಗಳ ಮೇಲೆ ನಿಂತಿದೆಯೋ ಅಷ್ಟೇ ನಂಬಿಕೆಗೆ ಅರ್ಹ. ಮಾದರಿ ವಿರಳವಾಗಿರುವ ಸೀಮೆಯಲ್ಲಿ ಅದರ ಬಣ್ಣಗಳು ಕಂಪ್ಯೂಟರಿನ ಊಹೆ ಮಾತ್ರ.

ನಕ್ಷೆ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ಡೆನ್ಮಾರ್ಕಿನ ಎಗ್ಟ್‌ವೆಡ್ ಹುಡುಗಿಯ ಪ್ರಕರಣವನ್ನು ಈ ಕ್ಷೇತ್ರದವರು ಮತ್ತೆಮತ್ತೆ ನೆನೆಯುತ್ತಾರೆ. 1921ರಲ್ಲಿ ಓಕ್ ಮರದ ಶವಪೆಟ್ಟಿಗೆಯಲ್ಲಿ ಸಿಕ್ಕ, ಕ್ರಿ.ಪೂ. 1370ರ ಸುಮಾರಿಗೆ ಸತ್ತ ಈ ಹದಿಹರೆಯದವಳ ಹಲ್ಲು, ಕೂದಲು, ಉಗುರು ಮತ್ತು ಉಣ್ಣೆಯ ಬಟ್ಟೆಗಳನ್ನು ಅಳೆದ ತಂಡ 2015ರಲ್ಲಿ, ಅವಳು ಹುಟ್ಟಿದ್ದು ಡೆನ್ಮಾರ್ಕಿನ ಹೊರಗೆ, ಬಹುಶಃ ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಸೀಮೆಯಲ್ಲಿ ಎಂದು ಪ್ರಕಟಿಸಿತು. ಸುದ್ದಿ ಜಗತ್ತೆಲ್ಲ ಸುತ್ತಿತು. 2019ರಲ್ಲಿ ಇಬ್ಬರು ಡ್ಯಾನಿಶ್ ವಿಜ್ಞಾನಿಗಳು ಬೇರೆ ವಾದ ಹೂಡಿದರು: ಸ್ಥಳೀಯ ಅನುಪಾತ ಎಂದು ಹಿಡಿದ ಅಳತೆಗಳು ಬೇಸಾಯದ ಹೊಲಗಳ ನಡುವಿನ ನೀರಿನಿಂದ ಬಂದವು, ಆ ಹೊಲಗಳಿಗೆ ಆಧುನಿಕ ರೈತರು ಸುಣ್ಣ ಹಾಕಿದ್ದರಿಂದ ಅಲ್ಲಿನ ಸ್ಟ್ರಾನ್ಷಿಯಂ ಬದಲಾಗಿದೆ, ಸುಣ್ಣ ಬೀಳದ ಜಾಗಗಳಲ್ಲಿ ಅಳೆದರೆ ಹುಡುಗಿಯ ಅನುಪಾತ ಅವಳ ಸಮಾಧಿಯ ಹತ್ತಿರದಲ್ಲೇ ಸಿಗುತ್ತದೆ. ಮೊದಲ ತಂಡ ಇದನ್ನು ಒಪ್ಪಲಿಲ್ಲ, ಕಂಚಿನ ಯುಗದ ಜನ ಬಳಸಿದ ನೆಲ ಯಾವುದು ಎಂಬ ಪ್ರಶ್ನೆಯೆತ್ತಿ ಉತ್ತರಿಸಿತು. ವಾದದಲ್ಲಿ ಗೆದ್ದವರಾರು ಎಂಬುದಕ್ಕಿಂತ ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಹುಡುಗಿಯ ಹಲ್ಲಿನ ಅಳತೆಯನ್ನು ಇಬ್ಬರಲ್ಲಿ ಯಾರೂ ತಪ್ಪೆನ್ನಲಿಲ್ಲ. ಜಗಳವೆಲ್ಲ ಹೋಲಿಕೆಗೆ ಇಟ್ಟ ನೆಲದ ಬಗ್ಗೆಯೇ ನಡೆಯಿತು.

ಘೋಡ್ ಕಣಿವೆಯಲ್ಲಿ ಇಂದು ಎಲೆ ಆರಿಸಲು ಹೊರಟವನು ಇದನ್ನು ನೆನಪಿಡಬೇಕು. ಪುಣೆ ಜಿಲ್ಲೆ ಕಬ್ಬಿನ ಸೀಮೆ. ಕಾರ್ಖಾನೆಗಳಲ್ಲಿ ಕಬ್ಬಿನ ಹಾಲನ್ನು ಸುಣ್ಣ ಹಾಕಿ ತಿಳಿಗೊಳಿಸುತ್ತಾರೆ, ಉಳಿದ ಮಡ್ಡಿ ಪ್ರೆಸ್‌ಮಡ್ ಎಂಬ ಹೆಸರಿನಲ್ಲಿ ಗೊಬ್ಬರವಾಗಿ ಹೊಲಕ್ಕೆ ಬೀಳುತ್ತದೆ. ಜೊತೆಗೆ ಫಾಸ್ಫೇಟ್ ಗೊಬ್ಬರ, ಕಾಲುವೆಯ ನೀರು. ಕಬ್ಬಿನ ಗದ್ದೆಯ ಬದುವಿನಲ್ಲಿ ಸಿಕ್ಕ ಬಸವನಹುಳು ಮೂರು ಸಾವಿರ ವರ್ಷಗಳ ಹಿಂದಿನ ನೆಲಕ್ಕೆ ಸಾಕ್ಷಿ ನುಡಿಯಲಾರದು. ಎಂದೂ ಉಳದ ಗುಡ್ಡದ ಓರೆ, ದೇವರಕಾಡು ಎಂದು ಬಿಟ್ಟ ಜಾಗ, ಎಲ್ಲಕ್ಕಿಂತ ಮೇಲಾಗಿ ಅದೇ ಉತ್ಖನನದ ಪದರದಲ್ಲಿ ಸಿಕ್ಕ ಸಣ್ಣ ಪ್ರಾಣಿಗಳ ಹಲ್ಲು ಇವೇ ನಂಬಬಹುದಾದ ಸಾಕ್ಷಿಗಳು.

ಕರಾವಳಿಗೆ ಇಳಿದರೆ ಲೆಕ್ಕ ಇನ್ನೊಂದು ಬಗೆಯಲ್ಲಿ ಕದಡುತ್ತದೆ. ಮುಂಬೈ ನಿಂತಿರುವುದು ಬಹುಮಟ್ಟಿಗೆ ದಖ್ಖನ್ ಜ್ವಾಲಾಮುಖಿಯ ಕಲ್ಲಿನ ಮೇಲೆ, ಗೋವಾದ ಬಹುಭಾಗ ಧಾರವಾಡ ಕಾಲದ ಪುರಾತನ ಶಿಲೆಗಳ ಮೇಲೆ. ಎರಡೂ ಕೊಂಕಣವೇ ಆದರೂ ಸ್ಟ್ರಾನ್ಷಿಯಂಗೆ ಅವು ಒಂದಲ್ಲ. ಆದರೆ ಮೀನು ತಿನ್ನುವ, ಸಮುದ್ರದ ಉಪ್ಪು ಬಳಸುವ ಜನರ ಹಲ್ಲಿನ ಅನುಪಾತವನ್ನು ಸಮುದ್ರ ತನ್ನ 0.7092ರ ಕಡೆಗೆ ಎಳೆಯುತ್ತಿರುತ್ತದೆ. ಗ್ವಾಟೆಮಾಲಾದ ಮಾಯಾ ನಗರ ಟಿಕಾಲ್‌ನಲ್ಲಿ ಜನರ ಹಲ್ಲಿನ ಅನುಪಾತ ಸ್ಥಳೀಯ ನೆಲಕ್ಕಿಂತ ತುಸು ಹೆಚ್ಚು ಬಂದಾಗ, ಕರಾವಳಿಯಿಂದ ತಂದ ಉಪ್ಪು ಅದಕ್ಕೆ ಕಾರಣವಿರಬಹುದೆಂದು 2005ರಲ್ಲೇ ಒಂದು ಅಧ್ಯಯನ ಸೂಚಿಸಿತ್ತು. ಘಟ್ಟದ ಮೇಲಿನ ಊರುಗಳಿಗೆ ಕೊಂಕಣದ ಮಿಠಾಗರಗಳಿಂದ ಎತ್ತಿನ ಮೇಲೆ ಉಪ್ಪು ಏರುತ್ತಿದ್ದ ನಮ್ಮ ಸೀಮೆಗೆ ಈ ಎಚ್ಚರಿಕೆ ಚೆನ್ನಾಗಿ ಅನ್ವಯಿಸುತ್ತದೆ. ಮನುಷ್ಯ ಬಾರದೆ ಅವನ ಉಪ್ಪು ಮಾತ್ರ ಬಂದಿದ್ದರೂ ಹಲ್ಲಿನಲ್ಲಿ ಗುರುತು ಬೀಳಬಹುದು.

ಗೋವಾ ಎಂದಾಗ ಜಾರ್ಜಿಯಾದ ರಾಣಿ ಕೆಟೆವಾನ್‌ಳ ಅವಶೇಷದ ಸಂಗತಿ ನೆನಪಾಗುತ್ತದೆ. 1624ರಲ್ಲಿ ಶಿರಾಜ್‌ನಲ್ಲಿ ಕೊಲ್ಲಲ್ಪಟ್ಟ ಆಕೆಯ ಅವಶೇಷಗಳನ್ನು ಅಗಸ್ಟೀನಿಯನ್ ಪಾದ್ರಿಗಳು ಹಳೆ ಗೋವಾಕ್ಕೆ ತಂದಿದ್ದರು. ಅಲ್ಲಿನ ಪಾಳುಬಿದ್ದ ಸಂತ ಅಗಸ್ಟೀನ್ ಚರ್ಚಿನಲ್ಲಿ ಸಿಕ್ಕ ಮೂಳೆ ಆಕೆಯದಿರಬೇಕು ಎಂಬುದಕ್ಕೆ ಡಿಎನ್‌ಎ ಬೆಂಬಲ ನೀಡಿತು, 2021ರಲ್ಲಿ ಭಾರತ ಅದನ್ನು ಜಾರ್ಜಿಯಾಕ್ಕೆ ಒಪ್ಪಿಸಿತು. ಅಲ್ಲಿ ಸ್ಟ್ರಾನ್ಷಿಯಂ ಹೆಚ್ಚೇನೂ ಸಹಾಯ ಮಾಡುತ್ತಿರಲಿಲ್ಲ. ಸುಮಾರು 10 ವರ್ಷ ಶಿರಾಜ್‌ನಲ್ಲಿ ಸೆರೆಯಿದ್ದವಳ ಮೂಳೆ ಜಾರ್ಜಿಯಾವನ್ನು ಬಹುಪಾಲು ಮರೆತು ಶಿರಾಜ್‌ನ ಗುರುತನ್ನೇ ತುಂಬಿಕೊಂಡಿರುತ್ತಿತ್ತು.

ಡಿಎನ್‌ಎ ಮತ್ತು ಸ್ಟ್ರಾನ್ಷಿಯಂ ಕೇಳುವ ಪ್ರಶ್ನೆಗಳೇ ಬೇರೆ ಎಂಬುದು ನಮ್ಮ ಸಾರ್ವಜನಿಕ ಚರ್ಚೆಯಲ್ಲಿ ಕಳೆದುಹೋಗಿದೆ. ಡೆಕ್ಕನ್ ಕಾಲೇಜು ತೊಡಗಿಕೊಂಡಿದ್ದ, ಹರಿಯಾಣದ ಹರಪ್ಪಾ ನೆಲೆಯಾದ ರಾಖಿಗಢಿಯ ಉತ್ಖನನದಲ್ಲಿ ಸಿಕ್ಕ ಒಬ್ಬ ಮಹಿಳೆಯ ಡಿಎನ್‌ಎ ಫಲಿತಾಂಶ 2019ರಲ್ಲಿ ಪ್ರಕಟವಾದಾಗ, ಅದೇ ಪ್ರಬಂಧವನ್ನು ಕೈಯಲ್ಲಿ ಹಿಡಿದು ಒಂದು ಬಣ ‘ಆರ್ಯರ ವಲಸೆ ಸುಳ್ಳಾಯಿತು’ ಎಂದೂ ಇನ್ನೊಂದು ಬಣ ‘ವಲಸೆ ಸಾಬೀತಾಯಿತು’ ಎಂದೂ ಕೂಗಿದ್ದು ಹಲವರಿಗೆ ನೆನಪಿರಬಹುದು. ಡಿಎನ್‌ಎ ಹೇಳುವುದು ಸಾವಿರಾರು ವರ್ಷಗಳ ಪೂರ್ವಜರ ಸರಣಿಯನ್ನು. ಸ್ಟ್ರಾನ್ಷಿಯಂ ಹೇಳುವುದು ಒಬ್ಬರ ಬಾಲ್ಯದ ಹತ್ತು ಹನ್ನೆರಡು ವರ್ಷಗಳನ್ನು. ವಲಸೆ ಬಂದ ದಂಪತಿಗೆ ಇಲ್ಲಿ ಹುಟ್ಟಿದ ಮಗು ಸ್ಟ್ರಾನ್ಷಿಯಂ ಲೆಕ್ಕದಲ್ಲಿ ಪೂರ್ತಿ ಇಲ್ಲಿಯದೇ. ಆದ್ದರಿಂದ ಯಾವ ಜನಾಂಗ ಮೊದಲು ಬಂತು ಎಂಬ ವಾದದಲ್ಲಿ ಇದನ್ನು ಎಳೆದು ತರುವುದು ತಕ್ಕಡಿಯಲ್ಲಿ ಬಟ್ಟೆ ಅಳೆದಂತೆ. ಆಡಿದ ಭಾಷೆ ಯಾವುದು ಎಂಬುದನ್ನಂತೂ ಎರಡೂ ಹೇಳಲಾರವು.

ಎರಡನ್ನೂ ಒಟ್ಟಿಗೆ, ಅವುಗಳ ಮಿತಿ ಅರಿತು ಬಳಸಿದಾಗ ಏನು ಸಿಗುತ್ತದೆ ಎಂಬುದಕ್ಕೆ ಜರ್ಮನಿಯ ಯೂಲಾವ್ ಒಳ್ಳೆಯ ನಿದರ್ಶನ. ಸುಮಾರು 4,600 ವರ್ಷ ಹಿಂದೆ ಹಿಂಸೆಯಲ್ಲಿ ಸತ್ತ 13 ಜನರನ್ನು ಅಲ್ಲಿ 4 ಗುಂಡಿಗಳಲ್ಲಿ, ಒಬ್ಬರಿಗೊಬ್ಬರು ಮುಖಾಮುಖಿಯಾಗಿರುವಂತೆ ಜೋಡಿಸಿ ಹೂಳಲಾಗಿತ್ತು. 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಗುಂಡಿಯ ನಾಲ್ವರು ತಂದೆ, ತಾಯಿ ಮತ್ತು ಇಬ್ಬರು ಮಕ್ಕಳೆಂದು ಡಿಎನ್‌ಎ ತೋರಿಸಿತು. ಗಂಡಸರು ಮತ್ತು ಮಕ್ಕಳು ಅದೇ ಸೀಮೆಯಲ್ಲಿ ಬೆಳೆದವರು, ಹೆಂಗಸರು ಬೇರೆಡೆ ಬೆಳೆದು ಅಲ್ಲಿಗೆ ಬಂದವರು ಎಂದು ಸ್ಟ್ರಾನ್ಷಿಯಂ ತೋರಿಸಿತು. ಇದನ್ನು ವಿವರಿಸಲು ಪ್ರಬಂಧಕಾರರು ಬಳಸಬೇಕಾದ ಮಾನವಶಾಸ್ತ್ರದ ಪರಿಭಾಷೆ ಉದ್ದವಾದದ್ದು, ಕನ್ನಡಕ್ಕೆ ‘ತವರು’ ಎಂಬ ಮೂರಕ್ಷರ ಸಾಕು. ಹೆಣ್ಣಿನ ಹಲ್ಲು ಅವಳ ತವರನ್ನು ಹೊತ್ತು ಗಂಡನ ಮನೆಗೆ ಬರುತ್ತದೆ.

ನಮ್ಮ ಉಪಖಂಡದ ಕೆಲಸವೂ ಈ ದಿಕ್ಕಿನಲ್ಲಿ ಸಾಗಿದೆ. ಹರಪ್ಪಾ ನಗರದ ಸ್ಮಶಾನದ ಹಲ್ಲುಗಳ ಮೊದಲ ಸ್ಟ್ರಾನ್ಷಿಯಂ ಫಲಿತಾಂಶಗಳನ್ನು ಮಾರ್ಕ್ ಕೆನೊಯರ್, ಡಗ್ಲಸ್ ಪ್ರೈಸ್ ಮತ್ತು ಜೇಮ್ಸ್ ಬರ್ಟನ್ 2013ರಲ್ಲಿ ಪ್ರಕಟಿಸಿದರು. 2015ರ ಇನ್ನೊಂದು ಅಧ್ಯಯನ ಹರಪ್ಪಾದೊಂದಿಗೆ, ಡೆಕ್ಕನ್ ಕಾಲೇಜು ಅಗೆದ ಹರಿಯಾಣದ ಫರ್ಮಾನಾದ ಹಲ್ಲುಗಳನ್ನೂ ಸೇರಿಸಿ ಸ್ಟ್ರಾನ್ಷಿಯಂ ಜೊತೆಗೆ ಸೀಸದ ಐಸೋಟೋಪ್‌ಗಳನ್ನೂ ಅಳೆಯಿತು. ಆ ಸ್ಮಶಾನಗಳಲ್ಲಿ ಹೂಳಲ್ಪಟ್ಟವರಲ್ಲಿ ಬಹಳಷ್ಟು ಜನ ನಗರದಲ್ಲಿ ಹುಟ್ಟಿದವರಲ್ಲ, ಚಿಕ್ಕ ವಯಸ್ಸಿನಲ್ಲೇ ಒಳನಾಡಿನಿಂದ ಬಂದವರು ಎಂಬುದು ಅದರ ಮುಖ್ಯ ಮಾತು. ಮಕ್ಕಳನ್ನು ಬೇರೆಯವರ ಮನೆಯಲ್ಲಿ ಸಾಕಲು ಬಿಡುವ ಪದ್ಧತಿ ಇದ್ದಿರಬಹುದೇ ಎಂಬವರೆಗೆ ಅದರ ಚರ್ಚೆ ಹೋಗುತ್ತದೆ. ಅಷ್ಟು ದೂರ ನಾನು ಹೋಗಲಾರೆ, ಏಕೆಂದರೆ ಹಿಮಾಲಯದ ನದಿಗಳು ತಂದು ಸುರಿದ ಮೆಕ್ಕಲು ಬಯಲಿನಲ್ಲಿ ‘ಸ್ಥಳೀಯ’ ಎಂಬ ಮಿತಿಯನ್ನು ಗೆರೆ ಎಳೆದಂತೆ ನಿರ್ಧರಿಸುವುದು ದಖ್ಖನ್‌ಗಿಂತಲೂ ಕಷ್ಟ.

ಶವಸಂಸ್ಕಾರವೇ ಸುಡುವುದಾದ ಸೀಮೆಯಲ್ಲಿ ಹಲ್ಲು ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗೂ ಈಗ ಅರ್ಧ ಉತ್ತರ ಸಿಕ್ಕಿದೆ. ಹೆಚ್ಚಿನ ಬಿಸಿಯಲ್ಲಿ ಬೆಳ್ಳಗೆ ಸುಟ್ಟ ಮೂಳೆಯ ಹರಳುಗಳು ಬಿಗಿಯಾಗಿ, ಆಮೇಲೆ ಮಣ್ಣಿನ ಸ್ಟ್ರಾನ್ಷಿಯಂ ಒಳನುಗ್ಗುವುದನ್ನು ತಡೆಯುತ್ತವೆ. ಇದನ್ನು ಬಳಸಿಕೊಂಡು 2018ರಲ್ಲಿ ಸ್ಟೋನ್‌ಹೆಂಜ್‌ನ ಸುಟ್ಟ ಅವಶೇಷಗಳಲ್ಲಿ 25 ಜನರನ್ನು ಪರೀಕ್ಷಿಸಿದಾಗ 10 ಜನ ಆ ಸುಣ್ಣದ ನೆಲದಲ್ಲಿ ಬದುಕಿದವರಲ್ಲವೆಂದು ತಿಳಿಯಿತು. ಅಸ್ಥಿಯನ್ನು ನದಿಗೆ ಬಿಡುವ ನಮ್ಮಲ್ಲಿ ಅದೂ ಬಹಳ ಕಡೆ ದಕ್ಕುವುದಿಲ್ಲ ಎಂಬುದು ಬೇರೆ ಮಾತು.

ಪ್ರಾಣಿಗಳ ಹಲ್ಲನ್ನು ಮನುಷ್ಯರ ಹಲ್ಲಿನಷ್ಟೇ ಗಂಭೀರವಾಗಿ ಕಾಣಬೇಕು. ದನ, ಕುರಿಗಳ ಎತ್ತರವಾದ ದವಡೆ ಹಲ್ಲು ತಿಂಗಳುಗಳ ಕಾಲ ಮೇಲಿನಿಂದ ಕೆಳಕ್ಕೆ ಬೆಳೆಯುವುದರಿಂದ, ಅದನ್ನು ಉದ್ದಕ್ಕೂ ಹಂತಹಂತವಾಗಿ ಕೆರೆದು ಅಳೆದರೆ ಆ ಪ್ರಾಣಿ ಯಾವ ಋತುವಿನಲ್ಲಿ ಯಾವ ಬಗೆಯ ನೆಲದಲ್ಲಿ ಮೇಯ್ದಿತು ಎಂಬ ಸಾಲು ಸಿಗುತ್ತದೆ. ಗುಜರಾತಿನ ಬಾಗಸ್ರಾದಂಥ ಹರಪ್ಪಾ ನೆಲೆಗಳ ಜಾನುವಾರುಗಳ ಮೇಲೆ ಐಸೋಟೋಪ್ ಕೆಲಸ ಆಗಿದೆ. ಇನಾಮಗಾಂವದ ಕೊನೆಯ ಘಟ್ಟದ ಬಗ್ಗೆ ಇರುವ ವಾದಕ್ಕೂ ಇದು ಹೊಂದುತ್ತದೆ. ಕ್ರಿ.ಪೂ. 1000ದ ನಂತರ ಬರ ಬಂದು ಜನ ಬೇಸಾಯ ಕಡಿಮೆ ಮಾಡಿ ಕುರಿ-ದನಗಳ ಹಿಂದೆ ಅಲೆಯತೊಡಗಿದರು ಎಂದು ಧವಳೀಕರ್ ವಾದಿಸಿದ್ದರು. ಅಲ್ಲಿನ ಅಸ್ಥಿಗಳನ್ನು ಅಭ್ಯಾಸ ಮಾಡಿದ ಗ್ವೆನ್ ರಾಬಿನ್ಸ್ ಶುಗ್ ಬರದ ಕಾರಣವನ್ನು ಅಷ್ಟು ಸುಲಭವಾಗಿ ಒಪ್ಪಲಿಲ್ಲ. ಇಂದಿನ ಧನಗರ ಕುರಿಗಾಹಿಗಳ ಹಿಂಡುಗಳಂತೆ ಆ ಕುರಿಗಳು ಮಳೆಗಾಲ-ಬೇಸಿಗೆಗಳಲ್ಲಿ ಘಟ್ಟದ ಎರಡು ಕಡೆ ಓಡಾಡಿದ್ದರೆ, ಕೊಂಕಣದ ಕಡೆಯ ತಿಂಗಳುಗಳಲ್ಲಿ ಹಲ್ಲಿನ ಅನುಪಾತ ಸಮುದ್ರದ ಕಡೆಗೆ ಬಾಗಿರಬೇಕು.

ಇನಾಮಗಾಂವದ ಒಂದು ಐದು ಕೋಣೆಗಳ ಮನೆಯಲ್ಲಿ, ನಾಲ್ಕು ಕಾಲಿನ ಒಂದು ದೊಡ್ಡ ಹರವಿಯೊಳಗೆ ಸುಮಾರು 40 ವರ್ಷದ ಗಂಡಸನ್ನು ಕುಳಿತ ಭಂಗಿಯಲ್ಲಿ ಹೂತಿದ್ದರು. ಅವನ ಪಾದಗಳನ್ನು ಕತ್ತರಿಸಿರಲಿಲ್ಲ. ಊರ ಮುಖಂಡನಿರಬೇಕು ಎಂದು ಎಲ್ಲರ ಕಣ್ಣೂ ಅವನ ಮೇಲೆ ಬೀಳುವುದು ಸಹಜ, ಅವನ ಹಲ್ಲನ್ನೇ ಮೊದಲು ಅಳೆಯಬೇಕು ಎಂದೂ ಅನಿಸಬಹುದು. ನನ್ನನ್ನು ಕೇಳಿದರೆ ಮೊದಲು ನೋಡಬೇಕಾದದ್ದು ಜೋಡಿ ಮಡಕೆಯ ಮಕ್ಕಳ ಹಾಲುಹಲ್ಲುಗಳನ್ನು. ಅಲ್ಲಿನ ಸಮಾಧಿಗಳಲ್ಲಿ ಅವೇ ಹೆಚ್ಚು. ಹಾಲುಹಲ್ಲಿನ ಎನಾಮಲ್ ಕಟ್ಟಿಕೊಳ್ಳಲು ಶುರುವಾಗುವುದು ಬಸಿರಿನ ನಾಲ್ಕನೆಯ ತಿಂಗಳ ಸುಮಾರಿಗೆ, ತಾಯಿಯ ರಕ್ತದಿಂದ ಬಂದ ಕ್ಯಾಲ್ಸಿಯಂನಿಂದ. ಆ ಕ್ಯಾಲ್ಸಿಯಂನ ಒಂದು ಭಾಗ ಅವಳ ಆಗಿನ ಊಟದ್ದು, ಇನ್ನೊಂದು ಭಾಗ ಅವಳ ಮೂಳೆಯಿಂದಲೇ ಕರಗಿ ಇಳಿದದ್ದು. ದಕ್ಷಿಣದ ಮಸಾರಿ ನೆಲದಲ್ಲಿ ಬೆಳೆದು, ಘೋಡ್ ದಂಡೆಗೆ ಬಂದು ವರ್ಷವೆರಡು ವರ್ಷದಲ್ಲಿ ಬಸಿರಾದವಳ ಕೂಸು ಹುಟ್ಟಿ ಕೆಲವೇ ದಿನಕ್ಕೆ ಸತ್ತು ಮನೆಯ ನೆಲದಡಿಯ ಮಡಕೆ ಸೇರಿದ್ದರೆ, ಒಂದು ಹೆಜ್ಜೆಯನ್ನೂ ಇಡದ ಆ ಕೂಸಿನ ಹಲ್ಲಿನಲ್ಲಿ ಅದರ ತಾಯಿಯ ತವರು ಒಂದಿಷ್ಟಾದರೂ ಉಳಿದಿರುತ್ತದೆ.